ಜಿಗಣಿಯಲ್ಲಿ ಜೋಳದ ರೊಟ್ಟಿಯ ಸದ್ದು

ಮಧ್ಯಾಹ್ನ ಹನ್ನೆರಡೂವರೆ. ಜಿಗಣಿಯ ಎಪಿಸಿ ವೃತ್ತದ ಸುತ್ತ ಲಾರಿಗಳ ಹಾರ್ನು, ಕಲ್ಲು ಕೊಯ್ಯುವ ಗರಗಸಗಳ ಕಿರುಚಾಟ. ಊಟದ ಹೊತ್ತಾದೊಡನೆ ಕಾರ್ಖಾನೆಗಳ ಗೇಟು ತೆರೆದು ಬಣ್ಣಬಣ್ಣದ ಸಮವಸ್ತ್ರದವರು ರಸ್ತೆಗೆ ಇಳಿಯುತ್ತಾರೆ. ಕೆಲವರು ಅನ್ನ-ಸಾಂಬಾರಿನ ಗಾಡಿಯತ್ತ, ಕೆಲವರು ಪರೋಟದ ಅಂಗಡಿಯತ್ತ. ಇನ್ನು ಕೆಲವರು ದೊಡ್ಡ ರಸ್ತೆ ಬಿಟ್ಟು ಅಡ್ಡರಸ್ತೆಗೆ ತಿರುಗುತ್ತಾರೆ. ಅಲ್ಲಿ ತಗಡಿನ ಮಾಡಿನ ಕೆಳಗಿಂದ ಬೇರೊಂದು ಸದ್ದು ಕೇಳುತ್ತದೆ. ಪಟ ಪಟ ಪಟ. ಕಿವಿಗಡಚಿಕ್ಕುವ ಯಂತ್ರಗಳ ನಡುವೆ ಅಂಗೈ ಮಾಡುವ ಸದ್ದು ಇದೊಂದೇ.

ಬೆಂಗಳೂರಿನಿಂದ ಸುಮಾರು 30 ಕಿ.ಮೀ. ದೂರದ ಜಿಗಣಿ, ಆನೇಕಲ್ ತಾಲ್ಲೂಕಿನ ಹೋಬಳಿ. ಕೆಂಪು ಮಣ್ಣಿನ ಈ ಸೀಮೆಯ ಬೆಳೆ ರಾಗಿ, ಊಟ ಮುದ್ದೆ. ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಇಲ್ಲಿ ಜಮೀನು ಪಡೆದು ಕೈಗಾರಿಕಾ ಪ್ರದೇಶ ಮಾಡಿದ ಮೇಲೆ ಹೊಲಗಳಲ್ಲಿ ಷೆಡ್ಡುಗಳು ಎದ್ದವು. ಗ್ರಾನೈಟ್ ಕೊಯ್ದು ನುಣುಪು ಮಾಡುವ ಘಟಕಗಳು, ಔಷಧಿ ಕಾರ್ಖಾನೆಗಳು, ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಉದ್ದಿಮೆಗಳು ಬಂದವು. ದುಡಿಯಲು ರಾಯಚೂರು, ಯಾದಗಿರಿ, ಕಲಬುರಗಿ, ವಿಜಯಪುರ, ಬಾಗಲಕೋಟೆ ಕಡೆಯ ಜನ ಬಂದರು. ಒಡಿಶಾ, ಬಿಹಾರದವರೂ ಬಂದರು. ಊರಿನಿಂದ ಹಾಸಿಗೆ ಸುತ್ತಿಕೊಂಡು ಬರಬಹುದು, ಒಲೆ-ಹಂಚು ಹೊತ್ತು ತರಲಾಗದು. ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಇರುವ ಹುಡುಗರಿಗೆ ಅನ್ನ ಬೇಯಿಸಲು ಬರುತ್ತದೆ, ರೊಟ್ಟಿ ಬಡಿಯಲು ಬಾರದು. ಖಾನಾವಳಿ ಹುಟ್ಟುವುದು ಇಂಥ ಕಡೆಯಲ್ಲೇ.

ಮುಂಬಯಿಯ ನಂಟು

ಖಾನಾವಳಿ ಎಂಬ ಪದ ಮರಾಠಿಗೂ ಉತ್ತರ ಕರ್ನಾಟಕದ ಕನ್ನಡಕ್ಕೂ ಸಮಾನವಾದದ್ದು. ಮುಂಬಯಿಯಲ್ಲಿ ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ, ಸಂಸಾರವನ್ನು ಹಳ್ಳಿಯಲ್ಲಿ ಬಿಟ್ಟು ಬಂದ ಕಾರ್ಮಿಕರಿಗೆ ತಮ್ಮ ಮನೆಯಲ್ಲೇ ಅಡುಗೆ ಮಾಡಿ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದವರು ಹೆಚ್ಚಾಗಿ ಹೆಂಗಸರು. ದಿನಸಿಗಾಗಿ ಸಾಲ ಮಾಡಿ ಬಡ್ಡಿಗೆ ಸಿಕ್ಕಿಬೀಳುತ್ತಿದ್ದ ಅವರನ್ನು ಒಟ್ಟುಗೂಡಿಸಿ, ಬ್ಯಾಂಕ್ ಸಾಲ ದೊರಕಿಸಲೆಂದು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲವನ್ನು ಕಟ್ಟಿದರು. 1982ರ ದೊಡ್ಡ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಊಟಕ್ಕೆ ಬರುತ್ತಿದ್ದವರು ಚದುರಿದರು. ಜಿಗಣಿಯ ಖಾನಾವಳಿಯ ಜಾತಕವೂ ಇದೇ. ಕಾರ್ಖಾನೆ ನಡೆದರೆ ಒಲೆ ಉರಿಯುತ್ತದೆ.

ಹುಡುಕುವ ಬಗೆ

ಹಳದಿ ಮೆಟ್ರೊ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾದ ಮೇಲೆ ಜಿಗಣಿಯ ದಾರಿ ಸುಲಭವಾಗಿದೆ. ಕೊನೆಯ ನಿಲ್ದಾಣ ಬೊಮ್ಮಸಂದ್ರದಲ್ಲಿ ಇಳಿದು ಜಿಗಣಿ ಲಿಂಕ್ ರಸ್ತೆ ಹಿಡಿದರೆ ಆಯಿತು. ಬಸ್ಸಿನಲ್ಲಿ ಬರುವವರಿಗೆ ಬನ್ನೇರುಘಟ್ಟ ರಸ್ತೆ ಇದ್ದೇ ಇದೆ.

ದೊಡ್ಡ ರಸ್ತೆಯ ಮೇಲೆ 'ಉತ್ತರ ಕರ್ನಾಟಕ ಶೈಲಿ' ಎಂದು ದೀಪದ ಬೋರ್ಡು ಹಾಕಿದ ಹೋಟೆಲುಗಳಲ್ಲಿ ಗೋಬಿ ಮಂಚೂರಿಯ ಜೊತೆಗೆ ರೊಟ್ಟಿಯೂ ಸಿಕ್ಕೀತು. ರುಚಿ ಬೇಕಾದವರು ಕಾರ್ಖಾನೆಗಳ ಬೆನ್ನಿಗಿರುವ ವಸತಿ ಬೀದಿಗಳಲ್ಲಿ ಅಡ್ಡಾಡಬೇಕು. ಬೋರ್ಡಿನಲ್ಲಿ ಬಸವೇಶ್ವರನೋ ಸಿದ್ಧಾರೂಢನೋ ಬನಶಂಕರಿಯೋ ಇದ್ದರೆ ಅರ್ಧ ಗುರುತು ಸಿಕ್ಕಂತೆ. ಬಾಗಿಲಲ್ಲಿ ಕಡಕ್ ರೊಟ್ಟಿಯ ಅಟ್ಟಿ, ಒಳಗೆ 'ಇನ್ನೊಂದ್ ಹಾಕ್ಲೇನ್ರಿ?' ಎಂಬ ಮಾತು, ಹಿಂದಿನಿಂದ ಪಟಪಟ ಸದ್ದು ಇದ್ದರೆ ಉಳಿದರ್ಧವೂ ಸಿಕ್ಕಿತು. ಪಾಳಿಯವರು ಒಮ್ಮೆಲೇ ಬಂದಾಗ ಬಿಸಿ ರೊಟ್ಟಿಗೆ ಕಾಯಬೇಕಾದೀತು; ಹನ್ನೆರಡು ಗಂಟೆಗೇ ಹೋಗುವುದು ಜಾಣತನ.

ಅಸಲಿ ರೊಟ್ಟಿಯನ್ನು ಪರೀಕ್ಷಿಸುವುದು ಸುಲಭ. ಗೋಧಿ ಹಿಟ್ಟಿನಲ್ಲಿ ಅಂಟು ಕೊಡುವ ಗ್ಲುಟೆನ್ ಇದೆ. ಆದ್ದರಿಂದ ಚಪಾತಿಯನ್ನು ಎಳೆದರೆ ಹಿಗ್ಗುತ್ತದೆ. ಜೋಳದಲ್ಲಿ ಅದಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಹಿಟ್ಟು ಒಡೆಯುತ್ತದೆ. ಅದಕ್ಕೇ ಕುದಿಯುವ ಎಸರು ಬೇಕು. ಬಿಸಿಗೆ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಗ್ಲುಟೆನ್ ಮಾಡಬೇಕಾದ ಕೆಲಸವನ್ನು ಆ ಅಂಟು ಮಾಡುತ್ತದೆ. ಹಂಚಿಗೆ ಹಾಕಿದ ರೊಟ್ಟಿಯ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುವುದು ಮೇಲ್ಮೈ ಒಣಗಿ ಬಿರಿಯದಿರಲೆಂದು. ಹಿಟ್ಟು ಹಳೆಯದಾದರೆ ಜಿಗಿ ಹೋಗಿ ಎಷ್ಟು ನಾದಿದರೂ ಅಂಚು ಸೀಳುತ್ತದೆ. ರೊಟ್ಟಿ ಆರಿದ ಮೇಲೆ ಬಿರುಸಾಗಿ ಮುರಿದರೆ ಅದು ಜೋಳದ್ದು. ಆರಿದ ಮೇಲೂ ರಬ್ಬರಿನಂತೆ ಎಳೆದರೆ ಗೋಧಿ ಬೆರೆತಿದೆ ಎಂದೇ ಅರ್ಥ. ಒಣಗಿಸಿದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡದಿರುವುದಕ್ಕೂ ಕಾರಣ ಸರಳ. ನೀರಿನಂಶವೇ ಇಲ್ಲದಲ್ಲಿ ಬೂಷ್ಟು ಬೆಳೆಯಲಾರದು.

ತಟ್ಟೆಯ ತುಂಬ

ಹಬೆಯಾಡುವ ರೊಟ್ಟಿಯ ಪಕ್ಕಕ್ಕೆ ಎಣ್ಣೆಗಾಯಿ ಬದನೆ, ಮಡಿಕೆ ಕಾಳಿನ ಪಲ್ಯ. ಅದೃಷ್ಟವಿದ್ದರೆ ಹುಳಿಯಾದ ಪುಂಡಿ ಪಲ್ಯ ಅಥವಾ ಝುಣಕ. ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಅದರ ಮೇಲೆ ಗಟ್ಟಿ ಮೊಸರು. ಬದಿಗೆ ಸವತೆಕಾಯಿ, ಹಸಿ ಉಳ್ಳಾಗಡ್ಡಿ, ಎಳೆಯ ಮೆಂತ್ಯ ಸೊಪ್ಪು. ಕೊನೆಗೆ ಎರಡು ತುತ್ತು ಅನ್ನಕ್ಕೆ ಕಟ್ಟಿನ ಸಾರು. ಬೆಂಗಳೂರಿನ ನಾಲಿಗೆಗೆ ಖಾರ ಹೆಚ್ಚೆನಿಸಿದರೆ ಮೊಸರು ಕೇಳಬಹುದು, ಸಕ್ಕರೆ ಕೇಳಬಾರದು.

ಜಿಗಣಿಗೆ ಬಂದವರು ಈ ಮಣ್ಣಿನ ಊಟವನ್ನು ಮರೆಯಬಾರದು. ಮುದ್ದೆಯ ಹೋಟೆಲುಗಳು ಜಿಗಣಿಯಿಂದ ಆನೇಕಲ್‌ವರೆಗಿನ ದಾರಿಯಲ್ಲಿ ಇವೆ. ಸೊಪ್ಪಿನ ಬಸ್ಸಾರು, ಹುರುಳಿಕಾಳಿನ ಸಾರು. ಮಾಂಸಾಹಾರಿಗಳಿಗೆ ನಾಟಿ ಕೋಳಿ ಸಾರು. ಚಳಿಗಾಲದಲ್ಲಿ ಬಂದರೆ ಹಿತಕಿದ ಅವರೆಬೇಳೆಯ ಸಾರು ಸಿಕ್ಕೀತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು ಹತ್ತರ ಆಸುಪಾಸು. ಕಲ್ಲು ಎತ್ತುವವನ ಮೂಳೆಗೆ ಯಾವುದು ಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಮುದ್ದೆಗೂ ರೊಟ್ಟಿಗೂ ದೂರದ ನೆಂಟಸ್ತಿಕೆಯೇನೂ ಅಲ್ಲ, ಹತ್ತಿರದ್ದೇ. ಎರಡೂ ಎಸರಿನ ಅಡುಗೆ. ಎರಡೂ ಕಡಿಮೆ ಮಳೆಯಲ್ಲಿ ಬದುಕುವ ಧಾನ್ಯಗಳು. ರಾಗಿ ಕೆಂಪು ನೆಲದಲ್ಲಿ ಮುಂಗಾರು ನಂಬಿ ಬೆಳೆದರೆ, ಹಿಂಗಾರಿನ ಬಿಳಿಜೋಳ ಎರೆ ಮಣ್ಣು ಹಿಡಿದಿಟ್ಟ ತೇವದಲ್ಲೇ ತೆನೆ ಕಟ್ಟುತ್ತದೆ. ಎರಡು ಸೀಮೆಗಳಲ್ಲೂ ಹಿಂದಿನವರು ಬರಗಾಲಕ್ಕೆಂದು ಕಾಳನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವುಗಳು ಈಗ ಮಾತಿನಲ್ಲಷ್ಟೇ ಉಳಿದಿವೆ. ಜಿಗಣಿಯ ಸುತ್ತ ರಾಗಿ ಹೊಲವೂ ವರ್ಷವರ್ಷಕ್ಕೆ ಕಿರಿದಾಗುತ್ತಿದೆ. ಹೊಲ ಹೋದ ಮೇಲೆ ಮುದ್ದೆ ತಿನ್ನಲು ಸ್ಥಳೀಯರೂ ಹೋಟೆಲಿಗೆ ಬರುತ್ತಾರೆ. ಆ ಲೆಕ್ಕದಲ್ಲಿ ಊರಿನವರೂ ಪರಊರಿನವರೂ ಒಂದೇ ಬೆಂಚಿನವರು.

ಕೈಯ ಪ್ರಶ್ನೆ

ಹಿಟ್ಟು ಲಾರಿಯಲ್ಲಿ ಬರುತ್ತದೆ. ಕಾಳು, ಬದನೆ ಸಂತೆಯಲ್ಲಿ ಸಿಗುತ್ತವೆ. ಕೊರತೆ ಇರುವುದು ಬಡಿಯುವ ಕೈಗೆ. ದಿನಕ್ಕೆ ನೂರಾರು ರೊಟ್ಟಿ, ಎದುರಿಗೆ ಬೆಂಕಿಯ ಝಳ, ಸಂಜೆಗೆ ಹಿಡಿದುಕೊಳ್ಳುವ ಭುಜ. ಕಾರ್ಖಾನೆಯಲ್ಲಿ ಫ್ಯಾನಿನ ಕೆಳಗೆ ಪ್ಯಾಕಿಂಗ್ ಕೆಲಸ ಸಿಗುವಾಗ ಈ ಒಲೆಯ ಮುಂದೆ ಕೂರಲು ಹೊಸಬರು ಹಿಂಜರಿಯುವುದು ಸಹಜವೇ. ರೊಟ್ಟಿ ಮಾಡುವ ಯಂತ್ರವೂ ಬಂದಿದೆ. ಅದರ ರೊಟ್ಟಿ ಗುಂಡಗೆ, ಒಂದೇ ಅಳತೆಗೆ ಇರುತ್ತದೆ. ಬೆರಳಿನ ಗುರುತು ಇರುವುದಿಲ್ಲ. ಯಂತ್ರದಿಂದ ಬಡಿಯುವವಳ ಭುಜಕ್ಕೆ ವಿಶ್ರಾಂತಿ ಸಿಗುವುದಾದರೆ ಬೇಡವೆನ್ನಲು ಉಣ್ಣುವವರಿಗೆ ಅಧಿಕಾರವಿಲ್ಲ. ಆಕೆಯ ಕೂಲಿಯೇ ಹೋಗುವುದಾದರೆ ಮಾತು ಬೇರೆ. ಕೈರೊಟ್ಟಿ ಬೇಕೆನ್ನುವವರು ಅದಕ್ಕೆ ನಾಲ್ಕು ಕಾಸು ಹೆಚ್ಚು ಕೊಡಲು ಹಿಂದೆಮುಂದೆ ನೋಡಬಾರದು.

ಎಳ್ಳ ಅಮಾವಾಸ್ಯೆಯ ಸುಮಾರಿಗೆ ಜಿಗಣಿಗೆ ಹೋದರೆ ಕೆಲವು ಖಾನಾವಳಿಗಳ ಬಾಗಿಲು ಹಾಕಿರಬಹುದು. ಹಿಂಗಾರಿನ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಹಂಚಿಕೊಂಡು ಉಣ್ಣುವ ದಿನ ಅದು. ರೊಟ್ಟಿ ಬಡಿಯುವವರೂ ಉಣ್ಣುವವರೂ ರಾತ್ರಿ ಬಸ್ಸು ಹಿಡಿದು ಊರು ಸೇರಿರುತ್ತಾರೆ. ಬೇಸರ ಬೇಡ. ಅಂದು ಒಂದು ಮುದ್ದೆ ಉಂಡು, ಹಿಂದಿನ ದಿನದ ಕಡಕ್ ರೊಟ್ಟಿಯ ಕಟ್ಟು ಯಾವುದಾದರೂ ಅಂಗಡಿಯಲ್ಲಿ ಸಿಕ್ಕರೆ ಕೊಂಡು ಬರುವುದು. ಅವರು ಹಿಂತಿರುಗುವವರೆಗೆ ಅದು ಕೆಡುವುದಿಲ್ಲ.