ಫಾರಂ ಹಾಕಿದ್ದೆ ಅಕ್ಕ

ನಮ್ಮದು ಉಪ್ಪಳದಲ್ಲಿ ಜಿನಸಿನ ಹೋಲ್‌ಸೇಲ್ ಅಂಗಡಿ. ಉಪ್ಪ ಕಟ್ಟಿದ್ದು, ಈಗ ಅಣ್ಣ ನೋಡಿಕೊಳ್ಳುತ್ತಾನೆ. ನಾನು ಬಿ.ಕಾಂ. ಓದಿದವಳು. ಮದುವೆಯಾದ ಮೇಲೂ ಊರಲ್ಲೇ ಇರುವುದರಿಂದ ಅಂಗಡಿಯ ಲೆಕ್ಕವನ್ನು ಮನೆಯಿಂದಲೇ ಬರೆಯುತ್ತೇನೆ. ಅಂಗಡಿಯೊಳಗೆ ಕಾಲಿಟ್ಟದ್ದು ಬೆರಳೆಣಿಕೆಯಷ್ಟು ಸಲ. ಆದರೆ ಅಲ್ಲಿಂದ ಹೊರಗೆ ಹೋಗುವ ಒಂದೊಂದು ರೂಪಾಯಿಯೂ ನನ್ನ ಮೊಬೈಲ್ ದಾಟಿಯೇ ಹೋಗುತ್ತದೆ. ಅದು ಹೇಗಾಯಿತು, ಅದರಲ್ಲಿ ನಾನು ಮಾಡಿದ ತಪ್ಪೇನು ಎಂದು ಬರೆಯಬೇಕೆಂದು ತುಂಬಾ ದಿನಗಳಿಂದ ಅಂದುಕೊಂಡಿದ್ದೆ. ನಮ್ಮಲ್ಲಿ ಅಂಗಡಿ ಇಲ್ಲದ ಮನೆಗಳು ಕಡಿಮೆ. ಯಾರಿಗಾದರೂ ಉಪಯೋಗವಾಗಬಹುದು.

ಮೊದಲೆಲ್ಲಾ ಉಪ್ಪನ ಹತ್ತಿರ ಒಂದು ಕೆಂಪು ರಟ್ಟಿನ ಪುಸ್ತಕವಿತ್ತು. ಮಂಗಳೂರಿನ ಬಂದರಿನಿಂದ ಸರಕು ತರಿಸಬೇಕಾದರೆ, ಲಾರಿ ಬಾಡಿಗೆ ಕೊಡಬೇಕಾದರೆ, ಕೆಲಸದವರಿಗೆ ಮುಂಗಡ ಕೊಡಬೇಕಾದರೆ ಚೀಟಿ ಬರೆದು ಉಪ್ಪನ ಮುಂದಿಡಬೇಕು. ಅವರು ಓದಿ, ಕನ್ನಡದಲ್ಲಿ ಒಂದು ಸಹಿ ಹಾಕುತ್ತಿದ್ದರು. ಸಹಿ ಇಲ್ಲದೆ ಡ್ರಾಯರ್ ತೆರೆಯುವಂತಿರಲಿಲ್ಲ.

2020ರ ಮಾರ್ಚ್ ಕೊನೆಯಲ್ಲಿ ತಲಪಾಡಿ ಗಡಿ ಮುಚ್ಚಿದ್ದು ನಿಮಗೆ ನೆನಪಿರಬಹುದು. ನಾವು ಮರೆಯುವಂತೆಯೇ ಇಲ್ಲ. ಕಾಯಿಲೆ ಬಿದ್ದರೆ ಮಂಗಳೂರಿಗೇ ಓಡುವವರು ನಾವು. ಆ ರಸ್ತೆಗೇ ಮಣ್ಣು ಸುರಿದರು. ಆಗ ಉಪ್ಪ ತಪಾಸಣೆಗೆಂದು ಹೋಗಿ ದೇರಳಕಟ್ಟೆಯ ಅಕ್ಕನ ಮನೆಯಲ್ಲಿದ್ದರು. ಅವರು ಆಚೆ, ಪುಸ್ತಕ ಈಚೆ. ಜಿನಸಿನ ಅಂಗಡಿಯಾದ ಕಾರಣ ಬಾಗಿಲು ಮುಚ್ಚುವ ಹಾಗೂ ಇರಲಿಲ್ಲ. ಅಣ್ಣ ದಿನಕ್ಕೆ ಇಪ್ಪತ್ತು ಸಲ ಫೋನ್ ಮಾಡುತ್ತಿದ್ದ. ಸಂಜೆಯಾದರೆ ಯಾವುದಕ್ಕೆ ಹೂಂ ಅಂದದ್ದು, ಯಾವುದಕ್ಕೆ ಬೇಡ ಅಂದದ್ದು ಎಂದು ಇಬ್ಬರಿಗೂ ಗೊಂದಲ. ಒಂದು ದಿನ ಹನ್ನೆರಡು ಸಾವಿರದ ವಿಷಯದಲ್ಲಿ ಜಗಳವೇ ಆಯಿತು.

ನನ್ನ ಗಂಡ ದುಬೈಯಲ್ಲಿ. ಅವರ ಕಂಪನಿಯಲ್ಲಿ ರಜೆ ಬೇಕಾದರೂ ಒಂದು ಡಬ್ಬ ಪೇಪರ್ ಬೇಕಾದರೂ ಮೊಬೈಲಿನಲ್ಲಿ ಫಾರಂ ತುಂಬಬೇಕು. ಅದು ಮ್ಯಾನೇಜರ್‌ಗೆ ಹೋಗುತ್ತದೆ, ಅವರು ಒಪ್ಪಿದರೆ ಅಕೌಂಟ್ಸ್‌ಗೆ ಹೋಗುತ್ತದೆ. "ನೀನೂ ಹಾಗೆ ಮಾಡು, ದುಡ್ಡೇನೂ ಬೇಡ," ಅಂದರು. ಎರಡು ರಾತ್ರಿ ಕೂತು ಗೂಗಲ್ ಫಾರ್ಮ್ಸ್‌ನಲ್ಲಿ ಒಂದು ಫಾರಂ ಮಾಡಿದೆ. ಐದೇ ಪ್ರಶ್ನೆ: ಯಾರು ಕೇಳುವುದು, ಯಾರಿಗೆ, ಎಷ್ಟು, ಯಾಕೆ, ಬಿಲ್ಲಿನ ಫೋಟೋ. ನಮಗೆ ಮಂಗಳೂರಿನ ಸರಕೆಂದರೆ ಹೊರರಾಜ್ಯದ ಸರಕು. 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ಅದರ ನಂಬರಿಗೂ ಒಂದು ಜಾಗ ಇಟ್ಟೆ. ತುಂಬಿದ್ದೆಲ್ಲ ದಿನಾಂಕ, ಗಂಟೆ ಸಮೇತ ಒಂದು ಶೀಟಿನಲ್ಲಿ ಸಾಲಾಗಿ ಬಂದು ಕೂರುತ್ತದೆ. ಆ ಸಾಲಿನ ಕೊನೆಯಲ್ಲಿ ಉಪ್ಪ ಒತ್ತಲು ಮೂರು ಮಾತು: ಒಪ್ಪಿದೆ, ಬೇಡ, ಕೇಳಬೇಕು. ಆ ಕಾಲಂ ಮುಟ್ಟುವ ಅಧಿಕಾರ ಉಪ್ಪನಿಗೆ ಮಾತ್ರ.

ಪ್ರಶ್ನೆಗಳನ್ನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದೆ. ಉಪ್ಪನ ಕಾಲದವರು ಕನ್ನಡ ಶಾಲೆಗೆ ಹೋದವರು, ಅಂಗಡಿಯ ಹುಡುಗರಿಗೆ ಮಲಯಾಳವೇ ಬೇಗ ಓದಲು ಬರುವುದು. ಉತ್ತರ ಮಾತ್ರ ಹೆಚ್ಚಾಗಿ ಕನ್ನಡ ಅಕ್ಷರದಲ್ಲಿ ಬ್ಯಾರಿ ಮಾತಿನಲ್ಲೇ ಬರುತ್ತಿತ್ತು. ಉಪ್ಪನಿಗೆ ಅದು ಬಹಳ ಖುಷಿ.

ಗಡಿ ತೆರೆಯಿತು, ಉಪ್ಪ ಬಂದರು. ಕೆಂಪು ಪುಸ್ತಕ ಮತ್ತೆ ತೆರೆಯಲಿಲ್ಲ. ಜಗಳ ನಿಂತಿತು. ಯಾರಾದರೂ ಶೀಟಿನ ಅಂಕಿ ತಿದ್ದಿದರೆ ಯಾರು, ಯಾವಾಗ ಎಂದು ಅದರ ಹಳೆಯ ಪ್ರತಿಗಳಲ್ಲಿ ಕಾಣುತ್ತದೆ. ಸಾಲದ ವಿಷಯವನ್ನು ಬರೆದಿಡಿ ಎಂದು ಹೇಳುವ ಆಯತ್ ಕುರ್‌ಆನಿನಲ್ಲೇ ಅತಿ ದೊಡ್ಡದು, ಸೂರಃ ಅಲ್ ಬಖರದ 282ನೆಯದು. ಉಪ್ಪ ಅದನ್ನು ನೆನಪಿಸಿ, "ನೀನು ಮಾಡಿದ್ದು ಒಳ್ಳೆಯ ಕೆಲಸ," ಅಂದರು. ನನಗೆ ಆಕಾಶ ಮೂರೇ ಗೇಣು. ಆ ಹುರುಪಿನಲ್ಲಿ ಒಂದು ನಿಯಮ ಸೇರಿಸಿದೆ: 5,000 ರೂಪಾಯಿ ಮೇಲಿನ ಯಾವ ಮುಂಗಡವೂ ಉಪ್ಪ ಒಪ್ಪದೆ ಕೊಡಬಾರದು. ಅಣ್ಣನಿಗೆ ಗಟ್ಟಿಯಾಗಿ ಹೇಳಿದೆ, "ನಿಯಮ ಅಂದರೆ ಎಲ್ಲರಿಗೂ ಒಂದೇ."

ಆಮೇಲೊಂದು ವರ್ಷ ಉಪ್ಪ, ಉಮ್ಮ ಉಮ್ರಾಕ್ಕೆ ಹೊರಟರು. ಅವರು ವಿಮಾನ ಹತ್ತಿದ ರಾತ್ರಿಯೇ ನಮ್ಮ ಡ್ರೈವರನ ಹೆಂಡತಿಗೆ ಹೆರಿಗೆ ನೋವು ಬಂತು. ಮಂಗಳೂರಿಗೆ ಕರೆದುಕೊಂಡು ಹೋದರು. ಆಪರೇಷನ್ ಆಗಬೇಕು, ಮೊದಲು 20,000 ಕಟ್ಟಿ ಅಂದರು. ಆತ ಅಣ್ಣನಿಗೆ ಫೋನ್ ಮಾಡಿದ. ಹನ್ನೆರಡು ಸಾವಿರದ ಜಗಳ ಅಣ್ಣ ಮರೆತಿರಲಿಲ್ಲ. "ಫಾರಂ ಹಾಕು, ಉಪ್ಪ ಒತ್ತಿದ ಕೂಡಲೇ ಕಳಿಸುತ್ತೇನೆ," ಅಂದ. ಉಪ್ಪನ ಫೋನ್ ಬಂದ್ ಆಗಿದೆ ಎಂದು ಅವನಿಗೆ ಹೊಳೆಯಲಿಲ್ಲವೋ, ಹೊಳೆದೂ ಹೆದರಿದನೋ, ನಾನು ಇವತ್ತಿನವರೆಗೂ ಕೇಳಿಲ್ಲ. ಹೆದರುವ ಹಾಗೆ ಮಾಡಿದವಳು ನಾನೇ ತಾನೇ?

ನಾನು ಸುಬ್‌ಹಿ ನಮಾಝಿಗೆ ಎದ್ದಾಗ ಮೊಬೈಲ್ ನೋಡಿದೆ. ರಾತ್ರಿ 11 ಗಂಟೆ 42 ನಿಮಿಷಕ್ಕೆ ಬಂದ ಸಾಲು. ಯಾಕೆ ಎಂಬಲ್ಲಿ "ಹೆಂಡತಿ ಆಸ್ಪತ್ರೆಯಲ್ಲಿ" ಎಂದಿತ್ತು. ಕೊನೆಯ ಕಾಲಂ ಖಾಲಿ. ಕೈಕಾಲು ತಣ್ಣಗಾಯಿತು. ಫೋನ್ ಮಾಡಿದೆ. ಗಂಡು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದ. ದುಡ್ಡಿಗೆ ಏನು ಮಾಡಿದೆ ಎಂದು ಕೇಳಿದೆ. ಅವನ ಭಾವ ರಾತ್ರಿಯೇ ಬೈಕಿನಲ್ಲಿ ಓಡಾಡಿ ನಾಲ್ಕು ಮನೆಗಳಿಂದ ಸಾಲ ತಂದಿದ್ದನಂತೆ. ನಾನು ಏನು ಹೇಳಬೇಕೆಂದು ತಿಳಿಯದೆ ಸುಮ್ಮನಿದ್ದೆ. ಅವನೇ ಹೇಳಿದ, "ನಾನು ಫಾರಂ ಹಾಕಿದ್ದೆ ಅಕ್ಕ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹದಿನಾರು ವರ್ಷ ನಮ್ಮ ಸರಕು ಹೊತ್ತವನು, ತನ್ನದೇನೂ ತಪ್ಪಿಲ್ಲ ಎಂದು ನನಗೆ ಲೆಕ್ಕ ಒಪ್ಪಿಸುತ್ತಿದ್ದ.

ಬೆಳಿಗ್ಗೆ ಜಿದ್ದಾದಲ್ಲಿ ಇಳಿದು ಫೋನ್ ತೆರೆದ ಉಪ್ಪ ಮೊದಲು "ಒಪ್ಪಿದೆ" ಒತ್ತಿದರು. ಆಮೇಲೆ ಒಂದು ವಾಯ್ಸ್ ಕಳಿಸಿದರು: "ಅವನು ರಾತ್ರಿ ನಮ್ಮ ಬಾಗಿಲು ತಟ್ಟಿದ್ದರೆ ಬೆಳಗಾಗುವವರೆಗೆ ಹೊರಗೆ ನಿಲ್ಲಿಸುತ್ತಿದ್ದೆವಾ? ನೀನು ಹೇಳುವ ಆಯತ್‌ಗೆ ಎರಡು ಆಯತ್ ಮುಂಚೆ ಕಷ್ಟದಲ್ಲಿರುವ ಸಾಲಗಾರನ ಮಾತಿದೆ. ಅದನ್ನೂ ಓದು." ಓದಿದೆ. ಅವನಿಗೆ ಅನುಕೂಲವಾಗುವವರೆಗೆ ಸಮಯ ಕೊಡಿ ಎನ್ನುವ ಮಾತು ಅದು.

ಆ ವಾರವೇ ಫಾರಂ ಬದಲಾಯಿಸಿದೆ. ಆಸ್ಪತ್ರೆ, ಮರಣ ಎಂದರೆ 25,000ದವರೆಗೆ ಅಣ್ಣ ಮೊದಲು ಕೊಡಬೇಕು, ಆಮೇಲೆ ಬರೆಯಬೇಕು. ಉಳಿದದ್ದಕ್ಕೆ ಉಪ್ಪ ಎರಡು ಗಂಟೆಯೊಳಗೆ ನೋಡದಿದ್ದರೆ ಇನ್ನೊಬ್ಬರು ಒತ್ತಬಹುದು. "ಬೇಡ" ಎಂದರೆ ಕಾರಣ ಬರೆಯಲೇಬೇಕು. ತಾನು ಕೇಳಿದ್ದನ್ನು ತಾನೇ ಒಪ್ಪುವ ಹಾಗಿಲ್ಲ, ಅದು ಅಣ್ಣನಿಗೂ ಸೇರಿ. ಆ ಇನ್ನೊಬ್ಬರು ಯಾರು ಎಂದು ಉಪ್ಪನನ್ನು ಕೇಳಿದಾಗ, "ಮತ್ತೆ ಯಾರು? ನೀನೇ," ಅಂದರು. ಅಣ್ಣ ಏನೂ ಮಾತಾಡಲಿಲ್ಲ. ಮರುದಿನ ಉಪ್ಪನ ಪಾಸ್‌ವರ್ಡಿಗಾಗಿ ಕಾಯದೆ ನನಗೇ ಬೇರೆ ಲಾಗಿನ್ ಮಾಡಿಕೊಟ್ಟ.

ಫಾರಂ ಮಾಡುವವರಿಗೆ ನಾನು ಹೇಳುವುದಿಷ್ಟೇ. ಒಪ್ಪಿಗೆ ಕೊಡುವವರು ನಿದ್ದೆಯಲ್ಲಿದ್ದರೆ, ಪ್ರಯಾಣದಲ್ಲಿದ್ದರೆ, ಆಸ್ಪತ್ರೆಯಲ್ಲಿದ್ದರೆ ಏನು ಎಂಬ ಪ್ರಶ್ನೆಗೆ ಉತ್ತರ ಬರೆದ ಮೇಲೆಯೇ ಅದನ್ನು ಕೆಲಸದವರ ಕೈಗೆ ಕೊಡಿ.

ಆ ಡ್ರೈವರ್ ಎಂಟು ತಿಂಗಳು ಒಂದೂ ಮುಂಗಡ ಕೇಳಲಿಲ್ಲ. ಮಳೆಗಾಲಕ್ಕೆ ಸ್ವಲ್ಪ ಮೊದಲು ಒಂದು ಮಧ್ಯಾಹ್ನ ಅವನ ಹೆಸರಿನ ಸಾಲು ಬಂತು: ಮನೆಯ ಹೆಂಚು ಸರಿ ಮಾಡಲು 7,000. ಉಪ್ಪ ಊಟ ಮಾಡಿ ಮಲಗಿದ್ದರು. ಎರಡು ಗಂಟೆ ಕಾಯಬೇಕೆಂದು ನಾನೇ ಬರೆದ ನಿಯಮ. ಕಾಯಲಿಲ್ಲ, ಹೋಗಿ ಉಪ್ಪನನ್ನು ಎಬ್ಬಿಸಿದೆ.