ವಿಯೆನ್ನಾ ಸಮ್ಮೇಳನಕ್ಕೆ ಹೊರಟ ಡಾಕ್ಟರಿಗೆ

ವೈದ್ಯಕೀಯ ಸಮ್ಮೇಳನಗಳಿಗೆ ಹೆಸರಾದ ಊರುಗಳಲ್ಲಿ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ ಒಂದು. ಯುರೋಪಿನ ರೇಡಿಯಾಲಜಿ ಸಮ್ಮೇಳನ ವರ್ಷವರ್ಷವೂ ಅಲ್ಲೇ ಸೇರುತ್ತದೆ. ಬೇರೆ ವಿಭಾಗದವರೂ ಸರದಿಯಂತೆ ಅಲ್ಲಿಗೆ ಬರುತ್ತಿರುತ್ತಾರೆ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಹೆರಿಗೆ ಡಾಕ್ಟರಾಗಿರುವ ನಾನು ಮಾರ್ಚ್ ತಿಂಗಳಲ್ಲಿ ನಮ್ಮ ವಿಭಾಗದ ಸಮ್ಮೇಳನಕ್ಕೆಂದು ಐದು ದಿನ ಅಲ್ಲಿದ್ದು ಬಂದೆ. ಬಂದಾಗಿನಿಂದ ಕಿರಿಯ ಡಾಕ್ಟರುಗಳ ಫೋನು ನಿಂತಿಲ್ಲ. "ಮೇಡಂ, ವೀಸಾಗೆ ಏನೇನು ಕೇಳ್ತಾರೆ?" "ಸಸ್ಯಾಹಾರ ಸಿಗುತ್ತಾ?" "ಚಳಿ ತಡ್ಕೋಬಹುದಾ?" ಒಬ್ಬೊಬ್ಬರಿಗೂ ಬೇರೆಬೇರೆ ಹೇಳುವ ಬದಲು ಎಲ್ಲವನ್ನೂ ಇಲ್ಲೇ ಬರೆದಿದ್ದೇನೆ. ಡಾಕ್ಟರಲ್ಲದವರೂ ಓದಿ. ಮನೆಯಲ್ಲೊಬ್ಬರು ಡಾಕ್ಟರಿದ್ದರೆ ಅವರ ಸೂಟ್‌ಕೇಸ್ ತುಂಬುವವರು ನೀವೇ ತಾನೆ!

ಹೊರಡುವ ಮುಂಚೆ

ಮೊದಲು ದುಡ್ಡಿನ ಮಾತು. ಔಷಧ ಕಂಪನಿಯ ಖರ್ಚಿನಲ್ಲಿ ಡಾಕ್ಟರು ವಿದೇಶಕ್ಕೆ ಹೋಗಿ ಬರುವುದನ್ನು ವೈದ್ಯಕೀಯ ಮಂಡಳಿ 2009ರಲ್ಲೇ ನಿಷೇಧಿಸಿದೆ. 2024ರಲ್ಲಿ ಸರ್ಕಾರ ಕಂಪನಿಗಳಿಗೂ ಇದೇ ವಿಷಯದಲ್ಲಿ ಹೊಸ ಸಂಹಿತೆ ತಂದಿತು. ಹಾಗಾಗಿ ಖರ್ಚು ನಮ್ಮದೇ ಜೇಬಿನಿಂದ, ಹಾಗಾಗಬೇಕಾದ್ದೂ ಸರಿಯೇ. ನೋಂದಣಿ ಶುಲ್ಕ ಕಟ್ಟುವಾಗ ಅವಸರ ಮಾಡಬೇಡಿ. ಮೊದಲೇ ಕಟ್ಟುವವರಿಗೆ ರಿಯಾಯಿತಿ ಇರುತ್ತದೆ. ಕಡಿಮೆ ಆದಾಯದ ಮತ್ತು ಕೆಳಮಧ್ಯಮ ಆದಾಯದ ದೇಶಗಳಿಂದ ಬರುವವರಿಗೆ ಎಷ್ಟೋ ಯುರೋಪಿಯನ್ ಸಂಘಗಳು ಬೇರೆಯೇ ದರ ಇಟ್ಟಿವೆ. ನಮ್ಮ ದೇಶ ಎರಡನೆಯ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಂಡು ಕಟ್ಟಿ.

ಇನ್ನೊಂದು ಎಚ್ಚರಿಕೆ. "ಗೌರವಾನ್ವಿತ ಡಾಕ್ಟರೇ, ನಮ್ಮ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ತಾವು ಭಾಷಣ ಮಾಡಬೇಕು" ಎಂಬ ಇಮೇಲ್‌ಗಳು ವಾರಕ್ಕೆ ನಾಲ್ಕು ಬರುತ್ತವೆ. ಕೆಲವು ಬರೀ ದುಡ್ಡು ಕೀಳುವ ಅಂಗಡಿಗಳು. ಹೋಟೆಲಿನ ಒಂದು ಕೋಣೆ, ಮೂವತ್ತು ಜನ, ಒಂದು ಪ್ರಮಾಣಪತ್ರ, ಅಷ್ಟೇ ಅವರ ಸಮ್ಮೇಳನ. ನಡೆಸುವ ಸಂಘ ಯಾವುದು, ಹಿಂದಿನ ವರ್ಷ ಎಲ್ಲಿ ನಡೆಯಿತು, ನಮ್ಮ ಪ್ರೊಫೆಸರುಗಳಲ್ಲಿ ಯಾರಾದರೂ ಹೋಗಿದ್ದಾರಾ ಎಂದು ವಿಚಾರಿಸದೆ ಒಂದು ಪೈಸೆಯನ್ನೂ ಕಳಿಸಬೇಡಿ.

ವೀಸಾ ಶೆಂಗೆನ್. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ಕಡಿಮೆ ಉಳಿದಿದ್ದರೆ ತೆಗೆದುಕೊಳ್ಳುವುದಿಲ್ಲ. ಎರಡು ಮೂರು ತಿಂಗಳು ಮುಂಚೆ ಹಾಕಿದರೆ ನೆಮ್ಮದಿ. ದೊಡ್ಡವರಿಗೆ ವೀಸಾ ಶುಲ್ಕ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ. ಸಮ್ಮೇಳನದವರ ಆಹ್ವಾನಪತ್ರ, ಶುಲ್ಕ ಕಟ್ಟಿದ ರಸೀದಿ, ಹೋಟೆಲ್ ಮತ್ತು ವಿಮಾನದ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ವೈದ್ಯಕೀಯ ಮಂಡಳಿಯ ನೋಂದಣಿ ಪ್ರತಿ, ಇವೆಲ್ಲ ಒಂದೇ ಫೈಲಿನಲ್ಲಿರಲಿ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು. ಆಹ್ವಾನಪತ್ರ ತಾನಾಗಿ ಬರುವುದಿಲ್ಲ. ನಾವೇ ಬರೆದು ಕೇಳಬೇಕು.

ನಮ್ಮಂಥ ಸಣ್ಣ ಊರಿನ ಡಾಕ್ಟರಿಗೆ ವೀಸಾಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಆ ವಾರ ದಿನ ತುಂಬುವ ಬಸುರಿಯರನ್ನು ಯಾರು ನೋಡಿಕೊಳ್ಳುತ್ತಾರೆ? ನಾನು ಮೂರು ತಿಂಗಳು ಮೊದಲೇ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ವಿಷಯ ತಿಳಿಸಿ, ನನ್ನ ಬದಲಿಗೆ ಬರುವ ಡಾಕ್ಟರನ್ನು ಒಮ್ಮೆ ಅವರೆದುರಿಗೇ ಕರೆತಂದು ಪರಿಚಯ ಮಾಡಿಸಿದ್ದೆ. ಹೆರಿಗೆ ಹೊತ್ತಿಗೆ ಹೊಸ ಮುಖ ಕಂಡರೆ ಯಾರಿಗಾದರೂ ಹೆದರಿಕೆಯಾಗುತ್ತೆ. ಈ ಏರ್ಪಾಡು ಆಗದಿದ್ದರೆ ಸಮ್ಮೇಳನ ಮುಂದಿನ ವರ್ಷವೂ ಇರುತ್ತದೆ ಬಿಡಿ.

ಚೀಲದಲ್ಲಿ ಏನಿರಲಿ, ಏನು ಬೇಡ

ಹಾಲಿನ ಪದಾರ್ಥ ಮತ್ತು ಮಾಂಸವನ್ನು ಹೊರಗಿನಿಂದ ಯುರೋಪಿಯನ್ ಒಕ್ಕೂಟದ ಒಳಕ್ಕೆ ಒಯ್ಯುವಂತಿಲ್ಲ. ಧಾರವಾಡ ಪೇಡ, ಮೈಸೂರು ಪಾಕಿಗೆ ಹಾಕುವ ತುಪ್ಪ, ಮನೆಯ ಬೆಣ್ಣೆ ಎಲ್ಲ ಮನೆಯಲ್ಲೇ ಉಳಿಯಲಿ. ಚಟ್ನಿಪುಡಿ, ಅವಲಕ್ಕಿ, ಎಣ್ಣೆಯಲ್ಲಿ ಮಾಡಿದ ಚಕ್ಕುಲಿ ಒಯ್ಯಬಹುದು. ಹಣ್ಣು ತರಕಾರಿಗೆ ಪ್ರಮಾಣಪತ್ರ ಬೇಕು. ಅದು ಬೇಡವಾದ ಐದೇ ಐದು ಹಣ್ಣುಗಳಿವೆ, ಅದರಲ್ಲಿ ಬಾಳೆಹಣ್ಣು, ತೆಂಗಿನಕಾಯಿ ಎರಡೂ ಸೇರಿವೆ! ಪೂಜೆಯ ಸಾಮಾನಿಗೆ ವಿನಾಯಿತಿ ಕೊಟ್ಟಿದ್ದಾರೇನೋ ಎಂದು ನನ್ನ ಅತ್ತೆ ನಕ್ಕರು.

ಮಾರ್ಚ್ ಮೊದಲ ವಾರಗಳಲ್ಲಿ ಬೆಳಿಗ್ಗೆ ಕೊರೆಯುವ ಚಳಿ. ಸೀರೆ ಉಡುವವರು ಒಳಗೆ ಉಣ್ಣೆಯ ಕಾಲುಚೀಲ ಹಾಕಿ, ಮೇಲೊಂದು ಉದ್ದ ಕೋಟು ಹಾಕಿಕೊಂಡರೆ ಸಾಕು. ಸಭಾಂಗಣದ ಒಳಗೆ ಬೆಚ್ಚಗಿರುತ್ತದೆ, ಕೋಟನ್ನು ಬಾಗಿಲ ಬಳಿಯೇ ಕೊಟ್ಟು ಚೀಟಿ ತೆಗೆದುಕೊಳ್ಳಬೇಕು. ನಮ್ಮ ಮೂರು ಕಡ್ಡಿಯ ಪ್ಲಗ್ಗು ಅಲ್ಲಿ ಕೂರುವುದಿಲ್ಲ, ದುಂಡನೆಯ ಎರಡು ಕಡ್ಡಿಯ ಅಡಾಪ್ಟರ್ ಬೇಕು. ಶೂ ಮಾತ್ರ ಹಳೆಯದೇ ಇರಲಿ. ದಿನಕ್ಕೆ ಎಷ್ಟು ನಡೆಯುತ್ತೇವೆಂದು ಸಂಜೆ ಕಾಲೇ ಹೇಳುತ್ತದೆ.

ವಿಮಾನದಿಂದ ಸಭಾಂಗಣಕ್ಕೆ

ಸಮ್ಮೇಳನಗಳು ಹೆಚ್ಚಾಗಿ ನಡೆಯುವುದು ಆಸ್ಟ್ರಿಯಾ ಸೆಂಟರ್ ವಿಯೆನ್ನಾ ಎಂಬ ಕಟ್ಟಡದಲ್ಲಿ. 1987ರಲ್ಲಿ ಶುರುವಾದ ಇದು ಆ ದೇಶದ ಅತಿ ದೊಡ್ಡ ಸಮ್ಮೇಳನ ಕೇಂದ್ರ. ಪಕ್ಕದಲ್ಲೇ ವಿಶ್ವಸಂಸ್ಥೆಯ ಎತ್ತರದ ಕಟ್ಟಡಗಳು. ಯು1 ಎಂಬ ಕೆಂಪು ಬಣ್ಣದ ಮೆಟ್ರೋ ಹಿಡಿದು ಕೈಸರ್‌ಮ್ಯೂಲೆನ್ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಇದೆ. ಊರಿನ ನಡುವೆ ಇರುವ ಸ್ಟೆಫಾನ್ಸ್‌ಪ್ಲಾಟ್ಸ್‌ನಿಂದ ಆರನೆಯ ನಿಲ್ದಾಣ. ಹೋಟೆಲು ಯು1 ಮಾರ್ಗದಲ್ಲಿ ಎಲ್ಲಿದ್ದರೂ ಸರಿ, ಸಭಾಂಗಣದ ಪಕ್ಕದ ದುಬಾರಿ ಹೋಟೆಲೇ ಆಗಬೇಕಿಲ್ಲ. ಬೆಳಿಗ್ಗೆ ರೈಲು ಡ್ಯಾನ್ಯೂಬ್ ನದಿ ದಾಟುವಾಗ ಕಿಟಕಿ ಕಡೆ ನಿಂತುಕೊಳ್ಳಿ, ಟಿಕೆಟಿನ ಕಾಸು ಅಲ್ಲೇ ವಸೂಲಿ.

ವಿಮಾನ ನಿಲ್ದಾಣದಿಂದ ಬರುವಾಗ ಹಸಿರು ಬಣ್ಣದ ವಿಶೇಷ ರೈಲು ಕಣ್ಣಿಗೆ ಬೀಳುತ್ತದೆ, ವೇಗವೇನೋ ಹೌದು, ದರವೂ ಹಾಗೇ. ಸಾಮಾನ್ಯ ರೈಲು ಹಿಡಿದು ಹೌಪ್ಟ್‌ಬಾನ್‌ಹೋಫ್, ಅಂದರೆ ಮುಖ್ಯ ನಿಲ್ದಾಣಕ್ಕೆ ಬನ್ನಿ. ಅಲ್ಲೇ ಕೆಳಗೆ ಯು1 ಸಿಗುತ್ತದೆ. ಲಿಯೋಪೋಲ್ಡಾವ್ ದಿಕ್ಕಿನ ರೈಲು ಹತ್ತಿದರೆ ಬದಲಾಯಿಸುವ ತಾಪತ್ರಯವೇ ಇಲ್ಲ. ಮೆಟ್ರೋದಲ್ಲಿ ಬೆಂಗಳೂರಿನ ಹಾಗೆ ತೆರೆದು ಮುಚ್ಚುವ ಗೇಟಿಲ್ಲ. ಕೇಳುವವರಿಲ್ಲ ಎಂದುಕೊಳ್ಳಬೇಡಿ. ತಪಾಸಣೆಯವರು ಸಾದಾ ಉಡುಪಿನಲ್ಲಿ ಬರುತ್ತಾರೆ, ದಂಡ ನೂರು ಯೂರೋ ದಾಟುತ್ತದೆ. ಕಾಗದದ ಟಿಕೆಟ್ಟಿನಲ್ಲಿ ದಿನಾಂಕ, ಸಮಯ ಇರದಿದ್ದರೆ ಒಳಗೆ ಹೋಗುವ ಮುಂಚೆ ಅಲ್ಲಿರುವ ಡಬ್ಬಿಯಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕು.

ಬ್ಯಾಡ್ಜನ್ನು ಹಿಂದಿನ ದಿನ ಸಂಜೆಯೇ ತೆಗೆದುಕೊಳ್ಳಿ. ಮೊದಲ ದಿನ ಬೆಳಿಗ್ಗೆಯ ಸಾಲು ನಮ್ಮ ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗವನ್ನೂ ಮೀರಿಸುತ್ತದೆ. ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ (ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆವರೆಗೆ ಮೂರೂವರೆ). ಹಾಗಾಗಿ ಬೆಳಗಿನ ಜಾವ ಮೂರಕ್ಕೇ ಎಚ್ಚರ, ಮಧ್ಯಾಹ್ನ ಮೂರಕ್ಕೆ ತೂಕಡಿಕೆ. ಮುಖ್ಯವಾದ ಉಪನ್ಯಾಸಗಳನ್ನು ಬೆಳಗಿನ ಹೊತ್ತಿನಲ್ಲಿ ಆರಿಸಿಕೊಳ್ಳಿ. ದೊಡ್ಡ ಹಾಲ್‌ಗಳಿಗಿಂತ ಪೋಸ್ಟರ್‌ಗಳ ಬಳಿ ನನಗೆ ಹೆಚ್ಚು ಸಿಕ್ಕಿತು. ನಮ್ಮಷ್ಟೇ ಸೌಲಭ್ಯವಿರುವ ದೇಶಗಳ ಡಾಕ್ಟರುಗಳು ತಮ್ಮ ಪೋಸ್ಟರಿನ ಪಕ್ಕ ನಿಂತಿರುತ್ತಾರೆ. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸುವುದನ್ನು ಅವರ ಜೊತೆ ಮಾತಾಡಿದಷ್ಟು ಬಿಚ್ಚುಮನಸ್ಸಿನಿಂದ ನಾನು ಬೇರೆಲ್ಲೂ ಮಾತಾಡಲಿಲ್ಲ.

ಹೊಟ್ಟೆಪಾಡು

ಸಸ್ಯಾಹಾರಿಗಳು ಉಪವಾಸ ಬೀಳುವ ಊರಲ್ಲ ಇದು. ಆದರೆ "ವೆಜಿಟೇರಿಯನ್" ಎಂದಷ್ಟೇ ಹೇಳದೆ "ಮಾಂಸ ಬೇಡ, ಮೀನು ಬೇಡ" ಎಂದು ಬಿಡಿಸಿ ಹೇಳಿ. ತರಕಾರಿ ಸೂಪಿಗೂ ದನದ ಮಾಂಸ ಬೇಯಿಸಿದ ನೀರು ಹಾಕಿರಬಹುದು, ಕೇಳಿ. ಫ್ಲೈಶ್ ಅಂದರೆ ಮಾಂಸ, ಶಿಂಕೆನ್ ಮತ್ತು ಶ್ಪೆಕ್ ಎರಡೂ ಹಂದಿಯವು. ಈ ಮೂರು ಪದ ಗೊತ್ತಿದ್ದರೆ ಮೆನು ಓದಬಹುದು. ಸೇಬಿನ ಹೂರಣದ ಆಪ್‌ಫೆಲ್‌ಸ್ಟ್ರೂಡೆಲ್ ತಿನ್ನದೆ ಬರಬೇಡಿ. ಹಾಲು ಬೆರೆಸಿದ ಕಾಫಿಗೆ ಅಲ್ಲಿ ಮೆಲಾಂಜ್ ಎನ್ನುತ್ತಾರೆ, ಜೊತೆಗೊಂದು ಲೋಟ ನೀರು ಇಡುತ್ತಾರೆ. ಒಂದು ಕಾಫಿ ಹಿಡಿದು ಎರಡು ಗಂಟೆ ಕೂತರೂ ಯಾರೂ ಏಳಿಸುವುದಿಲ್ಲ. ಭಾನುವಾರ ಅಂಗಡಿಗಳೆಲ್ಲ ಬಾಗಿಲು ಹಾಕಿರುತ್ತವೆ. ಹಾಲು, ಬ್ರೆಡ್ಡು, ಮೊಸರು ಶನಿವಾರವೇ ತಂದಿಟ್ಟುಕೊಳ್ಳಿ. ಮರೆತರೆ ದೊಡ್ಡ ರೈಲು ನಿಲ್ದಾಣಗಳಲ್ಲಿನ ಅಂಗಡಿಗಳೇ ಗತಿ.

ಬಾಟಲಿ ನೀರಿಗೆ ದುಡ್ಡು ಹಾಕಬೇಡಿ. ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟದ ಬುಗ್ಗೆಯ ನೀರು. 1873ರಲ್ಲಿ ಬೆಟ್ಟದಿಂದ ಊರಿಗೆ ಕೊಳವೆ ಹಾಕಿದರು. ಅದಕ್ಕೂ ಮುಂಚೆ ಕೊಳಕು ಬಾವಿ ನೀರು ಕುಡಿದು ಇಲ್ಲಿನ ಜನ ಕಾಲರಾ, ಟೈಫಾಯ್ಡ್‌ಗೆ ತುತ್ತಾಗುತ್ತಿದ್ದರು.

ಒಂದು ಅರ್ಧ ದಿನ ಎತ್ತಿಡಿ

ಅರಮನೆ, ಸಂಗೀತ, ಚಾಕೊಲೇಟ್ ಬಗ್ಗೆ ಯಾರು ಬೇಕಾದರೂ ಹೇಳುತ್ತಾರೆ. ಡಾಕ್ಟರಾಗಿ ಹೋದವರಿಗೆ ನಾನು ಹೇಳುವುದು ಇದೊಂದೇ: ಅರ್ಧ ದಿನವನ್ನು ಒಂಬತ್ತನೆಯ ಜಿಲ್ಲೆಗೆ ಎತ್ತಿಡಿ. ಶಾಟೆನ್‌ಟೋರ್‌ನಿಂದ 43 ಅಥವಾ 44ನೇ ನಂಬರಿನ ಟ್ರಾಮ್ ಹತ್ತಿ ಹಳೆಯ ಜನರಲ್ ಆಸ್ಪತ್ರೆಯ ಹತ್ತಿರ ಇಳಿಯಿರಿ. ಚಕ್ರವರ್ತಿ ಎರಡನೇ ಜೋಸೆಫ್ 1784ರಲ್ಲಿ ತೆರೆದ ಆಸ್ಪತ್ರೆ ಇದು. ಈಗ ವಿಶ್ವವಿದ್ಯಾಲಯದ ಆವರಣ. ಒಂದರ ಹಿಂದೊಂದು ಅಂಗಳ, ಮರಗಳು, ಸೈಕಲ್ಲುಗಳು, ಹುಲ್ಲಿನ ಮೇಲೆ ಕೂತು ಓದುವ ಹುಡುಗ ಹುಡುಗಿಯರು.

ಇಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. ಯಾವ ದಿನ ಬಂದರೆ ಯಾವ ವಿಭಾಗ ಎಂಬುದು ಸರದಿ. 1841ರಿಂದ 1846ರವರೆಗೆ ಮೊದಲನೆಯದರಲ್ಲಿ ನೂರಕ್ಕೆ ಸುಮಾರು ಹತ್ತು ಬಾಣಂತಿಯರು ತೀರಿಕೊಂಡರೆ ಎರಡನೆಯದರಲ್ಲಿ ನಾಲ್ಕಕ್ಕಿಂತ ಕಡಿಮೆ. ಊರಿನ ಬಡ ಹೆಂಗಸರಿಗೆ ಇದು ಗೊತ್ತಿತ್ತು. ಮೊದಲನೆಯ ವಿಭಾಗಕ್ಕೆ ಹಾಕಬೇಡಿ ಎಂದು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರಂತೆ. ದಾರಿಯಲ್ಲೇ ಹೆತ್ತವರಿಗೂ ಅಲ್ಲಿನವರಿಗಿಂತ ಬಾಣಂತಿ ಜ್ವರ ಕಡಿಮೆ ಬರುತ್ತಿತ್ತು.

1846ರಲ್ಲಿ ಆ ವಿಭಾಗಕ್ಕೆ ಸಹಾಯಕನಾಗಿ ಬಂದವನು ಇಗ್ನಾಜ್ ಸೆಮ್ಮೆಲ್‌ವೈಸ್, ಇಪ್ಪತ್ತೆಂಟು ವರ್ಷದ ಹಂಗೇರಿಯ ಡಾಕ್ಟರು. ಮುಂದಿನ ವರ್ಷ ಅವನ ಗೆಳೆಯರಾದ ಪ್ರೊಫೆಸರ್ ಕೊಲೆಟ್ಷ್ಕಾ ಶವಪರೀಕ್ಷೆ ವೇಳೆ ಬೆರಳಿಗೆ ಗಾಯವಾಗಿ ತೀರಿಕೊಂಡರು. ಅವರ ದೇಹದಲ್ಲಿ ಕಂಡದ್ದು ಬಾಣಂತಿಯರ ದೇಹದಲ್ಲಿ ಕಂಡದ್ದೇ. ಸೆಮ್ಮೆಲ್‌ವೈಸ್‌ಗೆ ತಟ್ಟನೆ ಹೊಳೆಯಿತು. ಶವಾಗಾರದಿಂದ ನೇರ ಹೆರಿಗೆ ಕೋಣೆಗೆ ಬರುವ ನಮ್ಮ ಕೈಗಳೇ ಈ ಸಾವನ್ನು ಹೊತ್ತು ತರುತ್ತಿವೆ! ಸೂಲಗಿತ್ತಿಯರು ಶವ ಮುಟ್ಟುತ್ತಿರಲಿಲ್ಲ. 1847ರ ಮೇ ತಿಂಗಳಿಂದ ಎಲ್ಲರೂ ಕ್ಲೋರಿನ್ ನೀರಿನಲ್ಲಿ, ನಮ್ಮ ಬ್ಲೀಚಿಂಗ್ ಪೌಡರ್ ಕಲಸಿದ ನೀರು ಎನ್ನಿ, ಕೈ ತೊಳೆದೇ ಒಳಗೆ ಬರಬೇಕೆಂದು ಕಟ್ಟಪ್ಪಣೆ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಸಾವು ಜೂನ್‌ನಲ್ಲಿ ಎರಡರ ಆಸುಪಾಸಿಗೆ ಇಳಿಯಿತು.

ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಬೇಕಿತ್ತು ತಾನೆ? ಹಾಗಾಗಲಿಲ್ಲ. "ನಮ್ಮ ಕೈ ಕೊಳಕೇ?" ಎಂಬ ಸಿಟ್ಟು ಹಲವು ದೊಡ್ಡ ಡಾಕ್ಟರುಗಳಿಗೆ. 1849ರಲ್ಲಿ ಅವನ ಹುದ್ದೆ ಮುಂದುವರಿಯಲಿಲ್ಲ, ಊರು ಬಿಟ್ಟು ಪೆಸ್ಟ್‌ಗೆ ಹೋದ. 1865ರಲ್ಲಿ ಇದೇ ವಿಯೆನ್ನಾದ ಒಂದು ಮಾನಸಿಕ ಆಸ್ಪತ್ರೆಯಲ್ಲಿ, ಗಾಯದ ಸೋಂಕಿನಿಂದ, ನಲವತ್ತೇಳನೇ ವಯಸ್ಸಿಗೆ ತೀರಿಕೊಂಡ.

ಓದುವಾಗ ಪರೀಕ್ಷೆಗೆಂದು ಎರಡು ಸಾಲು ಬಾಯಿಪಾಠ ಮಾಡಿದ ಕಥೆ ಇದು. ಆ ಅಂಗಳದ ಕಲ್ಲು ಬೆಂಚಿನ ಮೇಲೆ ಕೂತಾಗ ನನಗೆ ಸೆಮ್ಮೆಲ್‌ವೈಸ್‌ಗಿಂತ ಹೆಚ್ಚಾಗಿ ಕಣ್ಣಿಗೆ ಕಟ್ಟಿದ್ದು ಆ ಹೆಂಗಸರು. ಕಾರಣ ಗೊತ್ತಿಲ್ಲದಿದ್ದರೂ ಎಲ್ಲಿ ಹೋದರೆ ಬದುಕುತ್ತೇವೆಂದು ಅವರಿಗೆ ಗೊತ್ತಿತ್ತು, ಅವರ ಮಾತನ್ನು ಕೇಳುವ ಕಿವಿಗಳಿರಲಿಲ್ಲ. ನಮ್ಮ ಆಸ್ಪತ್ರೆಗಳ ಬಾಗಿಲಲ್ಲೂ "ಅಲ್ಲಿಗೆ ಬೇಡ ಕಣಕ್ಕ, ಅಲ್ಲಿ ಚೆನ್ನಾಗಿ ನೋಡ್ಕೊಳ್ಳಲ್ಲ" ಎಂದು ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಆ ಮಾತು ನಮ್ಮ ಕಿವಿಗೂ ಬೀಳಬೇಕು.

ಅಲ್ಲೇ ಆವರಣದಲ್ಲಿ ನಾರೆನ್‌ಟೂರ್ಮ್ ಎಂಬ ಐದು ಅಂತಸ್ತಿನ ದುಂಡು ಕಟ್ಟಡವಿದೆ. ಮನೋರೋಗಿಗಳಿಗೆಂದು ಕಟ್ಟಿದ್ದು, ಈಗ ರೋಗಶಾಸ್ತ್ರದ ಸಂಗ್ರಹಾಲಯ. ನಡೆದು ಹೋಗುವಷ್ಟು ದೂರದಲ್ಲಿ ಯೋಸೆಫಿನಮ್. ಹದಿನೆಂಟನೇ ಶತಮಾನದಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಮೇಣದಿಂದ ಮಾಡಿಸಿದ ಮನುಷ್ಯ ದೇಹದ ಮಾದರಿಗಳು, ಗರ್ಭದಲ್ಲಿ ಮಗು ಮಲಗಿರುವ ಬಗೆಗಳೂ ಅಲ್ಲಿವೆ. ಎರಡೂ ಕಡೆ ವಾರದ ಎಲ್ಲ ದಿನ ತೆರೆದಿರುವುದಿಲ್ಲ, ನೋಡಿಕೊಂಡು ಹೋಗಿ. ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ರಕ್ತದ ಗುಂಪುಗಳನ್ನು ಪ್ರಕಟಿಸಿದ್ದೂ ಈ ಊರಿನಲ್ಲೇ. ಹೆರಿಗೆ ಕೋಣೆಯಲ್ಲಿ ನಡುರಾತ್ರಿ ರಕ್ತದ ಬಾಟಲಿಗೆ ಕಾದವರಿಗೆ ಆ ಹೆಸರಿನ ಬೆಲೆ ಗೊತ್ತು.

ಬಂದ ಮೇಲೆ

ಹಾಜರಿ ಪ್ರಮಾಣಪತ್ರವನ್ನು ಹೊರಡುವ ಮುಂಚೆಯೇ ಇಳಿಸಿಕೊಳ್ಳಿ. ವಾಪಸು ಬಂದ ವಾರದೊಳಗೆ ಟಿಪ್ಪಣಿ ತೆಗೆದು, ನಮ್ಮಲ್ಲಿ ಮಾಡಲು ಸಾಧ್ಯವಿರುವ ಮೂರನ್ನು ಮಾತ್ರ ಬರೆದುಕೊಳ್ಳಿ. ಮೂವತ್ತು ಬರೆದರೆ ಒಂದೂ ಆಗುವುದಿಲ್ಲ.

ನನ್ನ ಮೂರರಲ್ಲಿ ಮೊದಲನೆಯದಕ್ಕೆ ಖರ್ಚು ಕಡಿಮೆ. ಹೆರಿಗೆ ಕೋಣೆಯ ನಲ್ಲಿಯನ್ನು ಮೊಣಕೈಯಿಂದ ತಿರುಗಿಸುವ ನಲ್ಲಿಗೆ ಬದಲಾಯಿಸಿದ್ದೇನೆ. ಯಾರೇ ಆಗಲಿ, ಕೈ ತೊಳೆಯದೆ ಒಳಗೆ ಬಂದರೆ ತಡೆಯುವ ಅಧಿಕಾರವನ್ನು ನಮ್ಮ ಹಿರಿಯ ಸಿಸ್ಟರಿಗೆ ಎಲ್ಲರೆದುರಿಗೇ ಕೊಟ್ಟಿದ್ದೇನೆ. ಮೊದಲ ವಾರ ಅವರು ಹಿಂಜರಿದರು. ಈಗ ನಾನು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, "ಮೇಡಂ, ಕೈ?" ಅನ್ನುತ್ತಾರೆ. ತೊಳೆದಿದ್ದರೂ ಎರಡೂ ಕೈ ಎತ್ತಿ ತೋರಿಸಿಯೇ ಒಳಗೆ ಹೋಗುತ್ತೇನೆ.