ಕಲ್ಲಿನಲ್ಲಿ ಕಂಡ ತೊರಕೆ

"ಇದೆಂತದು ಮಾರಾಯ್ರೆ, ಮರಳುಗಾಡಿನ ನಡುವೆ ತೊರಕೆ ಮೀನು!"

ನನ್ನಾಕೆ ಗೋಡೆಗೆ ಮೂಗು ತಾಗುವಷ್ಟು ಬಗ್ಗಿ ನಿಂತಿದ್ದಳು. ಈಜಿಪ್ಟಿನ ಲಕ್ಸರ್‌ನಲ್ಲಿ ಬೆಳ್ಳಂಬೆಳಿಗ್ಗೆ ನೈಲ್ ದಾಟಿ, ಪಡುದಂಡೆಯ ದೇರ್ ಎಲ್ ಬಹ್ರಿಗೆ ಬಂದಿದ್ದೆವು. ದೋಣಿ ಇಳಿದರೆ ಕಬ್ಬಿನ ಗದ್ದೆ. ಗದ್ದೆಯ ಬದು ಮುಗಿದಲ್ಲೇ ಮರಳು. ಒಂದು ಕಾಲು ಹಸಿರಲ್ಲಿ, ಇನ್ನೊಂದು ಬರಡಲ್ಲಿ ಇಟ್ಟು ನಿಲ್ಲಬಹುದು. ಅದರಾಚೆ, ಕಡಿದಾದ ಬಂಡೆಯ ಬುಡದಲ್ಲಿ, ಮೂರು ಜಗಲಿಗಳಾಗಿ ಏರುತ್ತದೆ ಫೇರೋ ಆಗಿ ಆಳಿದ ರಾಣಿ ಹತ್ಷೆಪ್ಸುತ್‌ಳ ದೇಗುಲ.

ನಡುವಿನ ಜಗಲಿಯ ಗೋಡೆಯಲ್ಲಿ ಸುಮಾರು 3,500 ವರ್ಷ ಹಿಂದಿನ ಕಡಲಯಾನದ ಕಥೆಯಿದೆ. ರಾಣಿ ಪುಂಟ್ ಎಂಬ ನಾಡಿಗೆ ಕಳಿಸಿದ ಹಡಗುಗಳು, ಬೇರುಸಹಿತ ಬುಟ್ಟಿಯಲ್ಲಿಟ್ಟು ತಂದ ಧೂಪದ ಗಿಡಗಳು, ಹಡಗೇರಿದ ಮಂಗಗಳು. ಹಡಗಿನಡಿ ಅಂಕುಡೊಂಕು ಗೆರೆ ಕೊರೆದರೆ ಅದೇ ನೀರು. ಆ ನೀರಲ್ಲಿ ತೊರಕೆ, ಬೊಂಡಾಸ, ಆಮೆ, ಲಾಬ್‌ಸ್ಟರ್. ಮಲ್ಪೆ ಬಂದರಿನ ಮೀನುಬುಟ್ಟಿಗಳ ನಡುವೆ ಬೆಳೆದ ನಮಗೆ ಗುರುತು ಹಿಡಿಯಲು ಗೈಡ್ ಬೇಕಾಗಲಿಲ್ಲ. ಇವುಗಳಲ್ಲಿ ಹೆಚ್ಚಿನವು ನೈಲ್‌ನವಲ್ಲ, ಕೆಂಪು ಸಮುದ್ರದವು. ಕಡಲೋ ಇಲ್ಲಿಂದ 150 ಕಿಲೋಮೀಟರಿಗೂ ಆಚೆ.

"ನಾಳೆ ಹುರ್ಗಾದಾಕ್ಕೆ ಹೋಗ್ತೇವಲ್ಲ, ನೀರಿಗಿಳಿದು ಉಂಟಾ ಇಲ್ವಾ ನೋಡಿ ಬನ್ನಿ," ಎಂದಳು. ಅವಳು ಹೇಳಿದ್ದು ತಮಾಷೆಗೆ. ನನ್ನ ತಲೆಯಲ್ಲಿ ಮಾತ್ರ ಅದು ಕೂತುಬಿಟ್ಟಿತು.

ಸಂಜೆ ಫೆಲೂಕಾ ಹತ್ತಿದೆವು. ಮುಕ್ಕೋನ ಹಾಯಿಯ ದೋಣಿ, ಎಂಜಿನ್ನಿನ ಸದ್ದಿಲ್ಲ. ನೈಲ್ ಹರಿಯುವುದು ಉತ್ತರಕ್ಕೆ, ಗಾಳಿ ಹೆಚ್ಚಾಗಿ ಬೀಸುವುದು ಉತ್ತರದಿಂದ. ಹಾಯಿ ಬಿಚ್ಚಿದರೆ ಮೇಲ್ದಿಕ್ಕಿಗೆ, ಮಡಚಿದರೆ ಹೊಳೆಯ ಜತೆ ಕೆಳಕ್ಕೆ. ಹೋಗುವುದಕ್ಕೂ ಬರುವುದಕ್ಕೂ ದೇವರೇ ಏರ್ಪಾಡು ಮಾಡಿಟ್ಟಂಥ ಹೊಳೆ!

ಮರುದಿನ ಕೆನಾ, ಸಫಾಗಾ ದಾಟಿ ಕೆಂಪು ಸಮುದ್ರದ ದಡದ ಹುರ್ಗಾದಾಕ್ಕೆ ಬಸ್ಸು ಹೊರಟಿತು. ಹುಲ್ಲುಕಡ್ಡಿಯೂ ಇಲ್ಲದ ಬೋಳು ಗುಡ್ಡಗಳು, ಬೂದಿ ಬಣ್ಣ, ಇಟ್ಟಿಗೆ ಬಣ್ಣ. ಫೇರೋಗಳ ಕಾಲದ ಜನ ನೈಲ್ ದಂಡೆಯಲ್ಲಿ ಮಾಡಿದ ಹಡಗನ್ನು ಬಿಚ್ಚಿ, ಹಲಗೆ ಹಲಗೆಯಾಗಿ ಇಂಥ ಕಣಿವೆಗಳಲ್ಲಿ ಹೊತ್ತು, ಕಡಲ ಬದಿಯಲ್ಲಿ ಮತ್ತೆ ಜೋಡಿಸುತ್ತಿದ್ದರು. ಸಫಾಗಾದ ದಕ್ಷಿಣಕ್ಕೆ ವಾದಿ ಗವಾಸಿಸ್‌ನ ಗುಹೆಯಲ್ಲಿ ಅವರ ಹಗ್ಗದ ಸುರುಳಿಗಳು ಸುತ್ತಿಟ್ಟ ಹಾಗೆಯೇ ಸಿಕ್ಕಿವೆ. ಮುಂದೆ ರೋಮನ್ನರ ಕಾಲಕ್ಕೆ ನಮ್ಮ ಕರಾವಳಿಯ ಕರಿಮೆಣಸು ಇದೇ ಕಡಲಿನ ಬೆರೆನಿಕೆ ಬಂದರಿನಲ್ಲಿ ಇಳಿದು, ಒಂಟೆ ಬೆನ್ನೇರಿ ನೈಲ್ ಸೇರುತ್ತಿತ್ತು. ಅಲ್ಲಿನ ದೇಗುಲವೊಂದರಲ್ಲಿ, ಭಾರತದ ಹಂಡೆಯಲ್ಲಿ, ಸುಮಾರು ಏಳೂವರೆ ಕಿಲೋ ಮೆಣಸು ಹಾಗೇ ಉಳಿದಿತ್ತು. ನಾವು ಎ.ಸಿ. ಬಸ್ಸಿನಲ್ಲಿ ಕೂತು ನೀರಿನ ಬಾಟಲಿ ಖಾಲಿಯಾಯಿತೆಂದು ಗೊಣಗುತ್ತಿದ್ದೆವು.

ಗುಡ್ಡ ಸರಿದು ಕಡಲು ಕಂಡಾಗ ನಾನು ಮಾತು ನಿಲ್ಲಿಸಿದೆ. ಹೆಸರು ಕೆಂಪು, ಬಣ್ಣ ಮಾತ್ರ ದಡದಲ್ಲಿ ಪಚ್ಚೆ, ಆಚೆ ಕಡುನೀಲಿ. ನಮ್ಮ ಸೀತಾ, ಸ್ವರ್ಣಾ ನದಿಗಳು ಮಳೆಗಾಲದಲ್ಲಿ ಕೆಮ್ಮಣ್ಣು ತಂದು ಕಡಲಿಗೆ ಸುರಿಯುತ್ತವೆ. ಇಲ್ಲಿ ವರ್ಷವಿಡೀ ಹರಿದು ಕಡಲು ಸೇರುವ ಒಂದು ನದಿಯೂ ಇಲ್ಲ, ಮಳೆಯೂ ಇಲ್ಲವೆನ್ನುವಷ್ಟು. ಅದಕ್ಕೇ ನೀರು ಗಾಜು. ಬಿಸಿಲಿಗೆ ಆರಿ ಆರಿ ಉಪ್ಪೂ ಹೆಚ್ಚು: ಬೇರೆ ಸಾಗರಗಳಲ್ಲಿ ಕಿಲೋ ನೀರಿಗೆ 35 ಗ್ರಾಂ ಇದ್ದರೆ ಇಲ್ಲಿ 40ರಷ್ಟು. ಆ ಉಪ್ಪುನೀರು ಮೇಲಕ್ಕೆ ತೇಲಿಸುತ್ತದೆಂದು, ಡೈವಿಂಗ್‌ಗೆ ಇಳಿಯುವ ಮುನ್ನ ನನ್ನ ಸೊಂಟಕ್ಕೆ ಸೀಸದ ತೂಕ ತುಸು ಹೆಚ್ಚೇ ಕಟ್ಟಿದರು.

"ಯಲ್ಲಾ!" ಎಂದ ಡೈವಿಂಗ್ ಕಲಿಸುವ ಹುಡುಗ. ಇಳಿದೆ. ಮೂರು ಮೀಟರಿಗೇ ಕಿವಿಯಲ್ಲಿ ಸೂಜಿ ಚುಚ್ಚಿದಂತೆ ನೋವು. ಹೇಳಿಕೊಟ್ಟಂತೆ ಮೂಗು ಹಿಡಿದು ಮೆಲ್ಲಗೆ ಊದಿದೆ, ಟಕ್ಕೆಂದು ಬಿಟ್ಟಿತು. ಹತ್ತು ಮೀಟರಿನಲ್ಲಿ ಮೈಮೇಲಿನ ಒತ್ತಡ ದಡದ ಎರಡರಷ್ಟು. ಅಲ್ಲಿ ಕೈ ನೋಡಿಕೊಂಡರೆ, ಕೃಷ್ಣಮಠದಲ್ಲಿ ಕಟ್ಟಿಸಿಕೊಂಡ ಕೆಂಪು ದಾರ ಮಂಕಾಗಿ ಕಂದಿತ್ತು. ನೀರು ಬೆಳಕಿನಿಂದ ಮೊದಲು ಹೀರುವುದು ಕೆಂಪನ್ನೇ. ಕೆಂಪು ಸಮುದ್ರದೊಳಗೆ ಕೆಂಪಿಗೇ ಜಾಗವಿಲ್ಲ!

ಹವಳದ ಗೋಡೆಯಲ್ಲಿ ಸಿಂಹಮೀನು ಗರಿ ಕೆದರಿ ನಿಂತಿತ್ತು. ಗಿಳಿಮೀನು ಹವಳ ಕಡಿಯುವ ಕಟಕಟ ಸದ್ದು ನೀರಲ್ಲೂ ಸ್ಪಷ್ಟ. ಅಷ್ಟರಲ್ಲಿ ಕೆಳಗಿನ ಮರಳು ಎದ್ದಿತು. ಮರಳಲ್ಲ, ತೊರಕೆ! ಮೈತುಂಬ ನೀಲಿ ಚುಕ್ಕೆ, ಅಂಚು ಅಲೆಯಲೆಯಾಗಿ ಮಡಚುತ್ತ ಬಿಚ್ಚುತ್ತ ನನ್ನ ಕೆಳಗೇ ಹಾದುಹೋಯಿತು. ಸಂತೋಷ ತಡೆಯಲಾರದೆ ಹೆಬ್ಬೆರಳೆತ್ತಿ ತೋರಿಸಿದೆ. ಡೈವರ್‌ಗಳ ಸನ್ನೆಯಲ್ಲಿ ಅದರರ್ಥ 'ಮೇಲೆ ಹೋಗೋಣ'. ಹುಡುಗ ನನ್ನ ತೋಳು ಹಿಡಿದು ಮೇಲಕ್ಕೆ ಕರೆದೊಯ್ದ.

ದೋಣಿಯಲ್ಲಿ ಟವೆಲ್ ಹೊದ್ದು, ಮರೆಯುವ ಮುನ್ನ ತೊರಕೆಯ ಚಿತ್ರ ಬಿಡಿಸಿದೆ. ನನ್ನಾಕೆ ನೋಡಿ, "ನೀರುದೋಸೆಯಾ?" ಎಂದಳು.

ಮೊಬೈಲಿನಲ್ಲಿದ್ದ ದೇಗುಲದ ಗೋಡೆಯ ಫೋಟೋ ತೆರೆದು ನೋಡಿದೆ. ಆ ಶಿಲ್ಪಿ ನೀರಿನೊಳಗೆ ಉಸಿರಾಡಿದವನಲ್ಲ. ಬಹುಶಃ ಅವನಾಗಲಿ, ಅವನಿಗೆ ಚಿತ್ರ ಬರೆದುಕೊಟ್ಟವನಾಗಲಿ ಕಂಡದ್ದು ಹಡಗಿನ ಹಲಗೆ ಮೇಲೆ ಬಿದ್ದ ಮೀನನ್ನು. ಆದರೂ ಅವನ ತೊರಕೆಯನ್ನು ಗೋಡೆಯಲ್ಲಿ ಕಂಡ ಕೂಡಲೇ ಅವಳು ಹೆಸರು ಹಿಡಿದು ಕೂಗಿದ್ದಳು.